ಮಗುವಿಗೊಬ್ಬರು, ಜನಕ್ಕೊಬ್ಬರು

ಕುಲಶೇಖರ, ಮಂಗಳೂರು
೨೦ ನವೆಂಬರ್ ೧೯೮೩, ಆದಿತ್ಯವಾರ

ಪ್ರೀತಿಯ ಫ್ಲಾವಿಯಾ,

ಇಲ್ಲಿ ನಿನ್ನ ಮಗಳು ಆನಿ ಸೌಖ್ಯ, ಅವಳ ಅಜ್ಜಿ ನಿನ್ನ ಮಾಂಯ್ ಸೌಖ್ಯ, ನನ್ನ ಮಗ ಚಿತ್ತರಂಜನ ಸೌಖ್ಯ, ನಮ್ಮ ಶೆಟ್ಟರು ಎಂದಿನಂತೆ ಪೇಪರಿನ ಹಿಂದೆ ಸೌಖ್ಯ. ಇದನ್ನು ಮೊದಲೇ ಬರೆದುಬಿಟ್ಟೆ. ಇಲ್ಲದಿದ್ದರೆ ನೀನು ಬಹರೈನಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತುಕೊಂಡೇ ಕಾಗದದ ಕೊನೆಯ ಪುಟವನ್ನು ಮೊದಲು ಓದುತ್ತೀಯ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ದಯವಿಟ್ಟು ಹಾಗೆ ಮಾಡಬೇಡ. ಡ್ಯೂಟಿ ಮುಗಿಸಿ, ರೂಮಿಗೆ ಹೋಗಿ, ಚಾ ಮಾಡಿಕೊಂಡು ಕುಳಿತು ಓದು. ಕಾಗದ ಉದ್ದವಾಗುತ್ತದೆ. ಶೆಟ್ಟರು ಬ್ಯಾಂಕಿನಿಂದ ತಂದ ಬಿಳಿ ಹಾಳೆಗಳನ್ನೆಲ್ಲ ಮುಗಿಸುವವಳೇ ನಾನು.

ನೀನು ಕೇಳಿದ್ದು ಒಂದೇ ಪ್ರಶ್ನೆ. ಡಿಸೆಂಬರಿನಲ್ಲಿ ನಿನಗೆ ಸಿಗುವ ನಾಲ್ಕು ದಿನದ ರಜೆಯಲ್ಲಿ ಮುಂಬಯಿಗೆ ಬಂದು ವೀಸಾದ ಕೆಲಸ ಮುಗಿಸಿ ಆನಿಯನ್ನು ಕರೆದುಕೊಂಡು ಹೋಗಬೇಕೆಂದಿದ್ದೀಯ. ಊರಿಗೆ ಬಂದು ಹೋಗಲು ಸಮಯವಿಲ್ಲ. ಹಾಗಾಗಿ ಆನಿಯನ್ನು ಮಂಗಳೂರಿನಿಂದ ಮುಂಬಯಿವರೆಗೆ ಕರೆತರಲು ನನ್ನಿಂದ ಆಗುತ್ತದೆಯೋ ಇಲ್ಲವೋ, ನಿಜ ಹೇಳು ಶಶಿ, ನನ್ನ ಸಮಾಧಾನಕ್ಕೆಂದು ಹೇಳಬೇಡ, ಎಂದು ಬರೆದಿದ್ದೀಯ. ಆಗುವುದಿಲ್ಲವೆಂದರೆ ನೀನು ಕೆಲಸ ಬಿಟ್ಟು ಬರಬೇಕು, ಅಥವಾ ನಿನ್ನ ಗಂಡ ಬಾಸಿಲ್ ಹೇಳುವಂತೆ ಆನಿಯನ್ನು ಯಾವುದಾದರೂ ಆಶ್ರಮದಲ್ಲಿ ಬಿಡಬೇಕು. ನಿನ್ನ ಮಾಂಯ್‌ಗೆ ಮೊಣಕಾಲು ಬಾಗುವುದಿಲ್ಲ. ಮಗು ಗೇಟು ದಾಟಿ ಓಡಿದರೆ ಹಿಂದೆ ಓಡಲು ಅವರಿಂದ ಸಾಧ್ಯವಿಲ್ಲ. ಹಗಲಿಡೀ ಅವಳು ನಮ್ಮ ಮನೆಯಲ್ಲೇ ಇರುತ್ತಾಳೆ, ಇನ್ನು ಮುಂದೆಯೂ ಇರಲಿ ಎಂದು ನಾನು ಬರೆದದ್ದಕ್ಕೆ ನೀನು ಕೊಟ್ಟ ಉತ್ತರ ನನ್ನ ಬಾಯಿ ಮುಚ್ಚಿಸಿತು. "ನನ್ನ ಮಗಳು ನನ್ನ ಹತ್ತಿರ ಇರಬೇಕು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ನಿನ್ನ ಪ್ರಶ್ನೆಗೆ ಉತ್ತರ ಕೊಡಲು ನಾನು ತಡ ಮಾಡಿದೆ. ಸುಮ್ಮನೆ ಮಾಡಿದ್ದಲ್ಲ. ಗೊತ್ತಿಲ್ಲದ ಉತ್ತರವನ್ನು ಹೇಗೆ ಬರೆಯುವುದು? ಮೊದಲು ನೋಡಬೇಕಲ್ಲ. ನೋಡಲು ಹೊರಟ ಕಥೆಯೇ ಈ ಕಾಗದ.

ಮಕ್ಕಳಿಬ್ಬರೂ ಚಿಕ್ಕವರಿದ್ದಾಗ ನಾವಿಬ್ಬರೂ ಹಂಪನಕಟ್ಟೆಯ ಡಾಕ್ಟರರಲ್ಲಿಗೆ ಸಿಟಿ ಬಸ್ಸಿನಲ್ಲಿ ಹೋಗುತ್ತಿದ್ದ ಕಾಲ ನೆನಪಿದೆಯಲ್ಲ? ಬೆಂಗಳೂರಿನ ಡಾಕ್ಟರು ಆಟಿಸಂ ಎಂಬ ಹೆಸರು ಹೇಳುವುದಕ್ಕೂ ಎಷ್ಟೋ ಮೊದಲು. ನಮ್ಮ ಚಿತ್ತು ಬಸ್ಸಿನ ಗಂಟೆಯ ಹಗ್ಗಕ್ಕೆ ಜೋತುಬೀಳುವುದು, ನಿನ್ನ ಆನಿ ಕಿವಿ ಮುಚ್ಚಿಕೊಂಡು ಕೂಗುವುದು. ಅದಕ್ಕಿಂತ ಹೆಚ್ಚಾಗಿ ನಮಗೆ ಸಾಕುಸಾಕಾಗುತ್ತಿದ್ದದ್ದು ಜನರಿಂದ. ಒಬ್ಬರು ಮಂತ್ರಿಸಿದ ನೂಲು ಕಟ್ಟಿಸಿ ಎನ್ನುವುದು, ಇನ್ನೊಬ್ಬರು ಎರಡು ಪೆಟ್ಟು ಕೊಟ್ಟರೆ ಸರಿಹೋಗುತ್ತದೆ ಎನ್ನುವುದು. ಮಗುವನ್ನು ಹಿಡಿಯಬೇಕೋ ಇವರಿಗೆ ಉತ್ತರ ಕೊಡಬೇಕೋ ತಿಳಿಯದೆ ನಾನು ಅಳುತ್ತಿದ್ದೆ. ಆಗ ನೀನು ನರ್ಸುಗಳ ಪಾಳಿಯ ಹಾಗೆ ಕೆಲಸ ಹಂಚಿದೆ. ಒಬ್ಬಳದು ಮಗುವಿನ ಡ್ಯೂಟಿ, ಇನ್ನೊಬ್ಬಳದು ಜನರ ಡ್ಯೂಟಿ. ಮಗುವನ್ನು ನೋಡುವವಳು ಯಾರಿಗೂ ಉತ್ತರ ಕೊಡಬಾರದು, ತಲೆ ಕೂಡ ಎತ್ತಬಾರದು. ಜನರನ್ನು ನೋಡುವವಳು ಮಗುವಿನ ಕಡೆ ತಿರುಗಬಾರದು. ಚಿತ್ತು ಜತೆ ನಾನು ಕುಳಿತರೆ ನೀನು ನನ್ನ ಮುಂದೆ ಅಡ್ಡ ನಿಂತು ಇಡೀ ಬಸ್ಸನ್ನು ಮಾತಿನಲ್ಲೇ ಕಟ್ಟಿಹಾಕುತ್ತಿದ್ದೆ. ಆ ಸುಖ ನಿನ್ನ ಜತೆಗೇ ವಿಮಾನ ಹತ್ತಿ ಹೋಯಿತು.

ಈಗ ನೀನಿಲ್ಲ. ಆನಿಯನ್ನು ನಾನು ನೋಡಿಕೊಂಡರೆ ಜನರನ್ನು ನೋಡಿಕೊಳ್ಳುವವರು ಯಾರು? ಯೋಚನೆ ಮಾಡಿ ಮಾಡಿ ಕೊನೆಗೆ ನಾನು ಹಿಡಿದದ್ದು ಯಾರನ್ನು ಎಂದುಕೊಂಡಿದ್ದೀಯ? ನಮ್ಮ ಲೋಕನಾಥ ಶೆಟ್ಟರನ್ನು. ನಗಬೇಡ. ಬ್ಯಾಂಕಿನ ಕೌಂಟರಿನ ಆಚೆ ನಿಂತವರಿಗೂ ಗಟ್ಟಿಯಾಗಿ ಮಾತಾಡದ ಮನುಷ್ಯ ಅವರು. ಚಿತ್ತು ಆರು ವರ್ಷದವನಿದ್ದಾಗ ಬಸ್ಸಿನಲ್ಲಿ ಯಾರದೋ ಕನ್ನಡಕ ಕಿತ್ತು ಎಸೆದನಲ್ಲ, ಅಂದಿನಿಂದ ಅವನ ಜತೆ ಬಸ್ಸು ಹತ್ತಲು ನಾಚಿಕೊಂಡವರು. ನಾಚಿಕೆ ಎನ್ನುವ ಪದವನ್ನು ಅವರು ಹೇಳಿದ್ದಿಲ್ಲ, ನಾನೂ ಕೇಳಿದ್ದಿಲ್ಲ, ಆದರೆ ಏಳು ವರ್ಷ ಪ್ರತೀ ಸಲವೂ ಅವರಿಗೆ ಬ್ಯಾಂಕಿನಲ್ಲಿ ಕೆಲಸ ಇರುತ್ತಿತ್ತು. ಆನಿಯ ವಿಷಯ ಹೇಳಿದಾಗ ಮಾತ್ರ ಪೇಪರ್ ಕೆಳಗಿಟ್ಟು, "ನಾನು ಎಂತ ಹೇಳಬೇಕು ಜನರಿಗೆ? ಒಂದು ಸಲ ಹೇಳಿಕೊಡು" ಎಂದರು. ನನಗೆ ಆಶ್ಚರ್ಯವೇ ಆಯಿತು.

ಚಿತ್ತುವನ್ನು ನಿನ್ನ ಮಾಂಯ್ ಹತ್ತಿರ ಬಿಟ್ಟೆವು. ಅವರು ಹುಣಸೆಹಣ್ಣಿನ ಬೀಜ ಬಿಡಿಸುವುದು, ಇವನು ಆ ಬೀಜಗಳನ್ನು ಸಾಲಾಗಿ ಜೋಡಿಸುವುದು. ಇಬ್ಬರಿಗೂ ಪರಮ ಸಂತೋಷ. ನಾವು ಮೂವರು ಸುರತ್ಕಲ್ಲಿಗೆ ಹೊರಟೆವು. ಪ್ರತೀ ಶನಿವಾರ ಮಧ್ಯಾಹ್ನ ಬ್ಯಾಂಕು ಮುಚ್ಚಿದ ಮೇಲೆ ಇದೇ ನಮ್ಮ ಕಸರತ್ತು. ಮುಂಬಯಿಯ ಗದ್ದಲ ತಡೆಯಬೇಕಾದರೆ ಮೊದಲು ಸುರತ್ಕಲ್ ಬಸ್ಸಿನ ಗದ್ದಲ ತಡೆಯಲಿ ಎಂಬುದು ನನ್ನ ಲೆಕ್ಕ.

ಮೊದಲ ಸಲ ಶೆಟ್ಟರ ಡ್ಯೂಟಿಯನ್ನು ನೀನು ನೋಡಬೇಕಿತ್ತು. ಕೊಟ್ಟಾರದ ಹತ್ತಿರ ಆನಿ ಕಿವಿ ಮುಚ್ಚಿ ಕೂಗಲು ಶುರು ಮಾಡಿದಳು. ಮೀನಿನ ಬುಟ್ಟಿ ಇಟ್ಟುಕೊಂಡ ಪಾತುಮ್ಮ ಎಂಬ ಮುದುಕಿ, "ಮಗುವಿಗೆ ಎಂತ ಆದದ್ದು ಮಾರಾಯ್ರೆ? ಬೂತದ ಉಪದ್ರ ಉಂಟಾ?" ಎಂದು ಕೇಳಿದರು. ಶೆಟ್ಟರು ಎದ್ದು ನಿಂತು ಅಂಗಿಯ ಗುಂಡಿ ಸರಿಮಾಡಿಕೊಂಡು, "ಸಾರ್ವಜನಿಕರು ದಯವಿಟ್ಟು ಸಹಕರಿಸಬೇಕು. ಮಗುವಿಗೆ ಶಬ್ದದ ತೊಂದರೆ ಇದೆ. ಸ್ವಲ್ಪ ಸಮಯದಲ್ಲಿ ಸರಿಹೋಗುತ್ತದೆ" ಎಂದು ಬ್ಯಾಂಕಿನ ನೋಟೀಸು ಬೋರ್ಡಿನ ಹಾಗೆ ಹೇಳಿದರು. ಬಸ್ಸಿಗೆ ಬಸ್ಸೇ ತಣ್ಣಗಾಯಿತು. ಇವರು ಯಾರೋ ಚೆಕ್ಕಿಂಗಿನವರು ಎಂದುಕೊಂಡು ಇಬ್ಬರು ಹುಡುಗರು ಅವಸರದಲ್ಲಿ ಟಿಕೆಟು ತೆಗೆಸಿಕೊಂಡರು. ಕಂಡಕ್ಟರು ಕೂಡ ಆಮೇಲೆ ವಿಸಿಲ್ ಊದದೆ ಬಸ್ಸಿನ ಬದಿಗೆ ಕೈಯಿಂದ ಬಡಿದು ರೈಟ್ ಹೇಳಿದ. ನಾನು ನಗು ತಡೆಯಲಾರದೆ ಆನಿಯ ಬೆನ್ನ ಹಿಂದೆ ಮುಖ ಅಡಗಿಸಿಕೊಂಡೆ. ಪಾತುಮ್ಮ ಮಾತ್ರ ಹೆದರಲಿಲ್ಲ. ಇಳಿಯುವಾಗ, "ನಿಮ್ಮ ಯಜಮಾನ್ರು ಪೊಲೀಸಾ?" ಎಂದು ನನ್ನನ್ನು ಕೇಳಿಯೇ ಇಳಿದರು.

ಎರಡು ಮೂರು ಶನಿವಾರ ಕಳೆಯುವಾಗ ಆನಿ ಪಳಗಿದಳು. ಬಸ್ಸಿನಲ್ಲಿ ಕಿಟಕಿಯ ಸರಳಿಗೆ ಕೆನ್ನೆ ಒತ್ತಿಕೊಂಡು ಕುಳಿತರೆ ಸುರತ್ಕಲ್‌ವರೆಗೆ ಸದ್ದಿಲ್ಲ. ಅಲ್ಲಿ ಇಳಿದು ದೀಪಸ್ತಂಭದ ಹತ್ತಿರ ಮರಳಿನಲ್ಲಿ ಕುಳಿತು, ಕತ್ತಲಾಗುವ ಮೊದಲು ವಾಪಸು. ಸ್ಟಾಪು ಬರುವ ಮೊದಲೇ ತಾನಾಗಿ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಎಂಥ ಜಾಣೆ ನೋಡಿ ಎಂದು ನಾನು ಶೆಟ್ಟರ ಮುಂದೆ ಹೆಮ್ಮೆಪಟ್ಟದ್ದೇ ಪಟ್ಟದ್ದು. ಇನ್ನು ದೂರ ಹೋಗಬಹುದು, ಉಡುಪಿಗೆ ನನ್ನ ಗುಣವತಿ ಚಿಕ್ಕಮ್ಮನ ಮನೆಗೆ ಹೋಗಿಬರುವ ಎಂದು ತೀರ್ಮಾನಿಸಿ ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆವು.

ಮುಂದೆ ಆದದ್ದನ್ನು ನಿನಗೆ ಬರೆಯಬಾರದೆಂದಿದ್ದೆ. ಆದರೆ ನಿಜ ಹೇಳು ಎಂದಿದ್ದೀಯ.

ಸುರತ್ಕಲ್ ಬರುವಾಗ ಆನಿ ಎದ್ದಳು. ಎಕ್ಸ್‌ಪ್ರೆಸ್ ಬಸ್ಸಿಗೆ ಅಲ್ಲಿ ಇಳಿಯುವವರಿರಲಿಲ್ಲ, ನಿಲ್ಲಿಸದೆ ಹೋಯಿತು. ಅಷ್ಟೇ. ಅವಳು ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ ಫ್ಲಾವಿಯಾ. ಎದುರಿನ ಸೀಟಿನ ಕಬ್ಬಿಣಕ್ಕೆ ಹಣೆ ಬಡಿದುಕೊಂಡಳು. ನಾನು ನನ್ನ ಅಂಗೈಯನ್ನು ಅಡ್ಡ ಇಟ್ಟೆ. ಬಾಗಿಲ ಕಡೆ ಕೈಚಾಚಿ ಚಾಚಿ ನನ್ನ ಹಿಡಿತದಿಂದ ಬಿಡಿಸಿಕೊಳ್ಳಲು ನೋಡಿದಳು. ಆಗ ಹಿಂದಿನ ಸೀಟಿನಿಂದ ಯಾರೋ, "ಇದು ಇವರ ಮಗು ಅಲ್ಲ ಮಾರಾಯ್ರೆ, ಕುತ್ತಿಗೆಯಲ್ಲಿ ಕುರ್ಸು ಉಂಟು ನೋಡಿ" ಎಂದರು. ನನ್ನ ಹಣೆಯಲ್ಲಿ ಕುಂಕುಮ, ಮಗುವಿನ ಕುತ್ತಿಗೆಯಲ್ಲಿ ನೀನು ಹಾಕಿದ ಬೆಳ್ಳಿಯ ಶಿಲುಬೆ. ಮಗು ಬೇರೆ ಇಳಿಯಬೇಕೆಂದು ಬೊಬ್ಬೆ ಹಾಕುತ್ತಿದ್ದಾಳೆ. ಜನ ಏನೆಂದುಕೊಳ್ಳಬೇಕು ಹೇಳು. ಮಗು ಕದಿಯುವವರು ಎಂದೇ ತೀರ್ಮಾನಿಸಿದರು. ಶೆಟ್ಟರ ಸಾರ್ವಜನಿಕರು ಸಹಕರಿಸಲೇ ಇಲ್ಲ. ಅವರ ಅಂಗಿ ಬೆವರಿನಿಂದ ಮೈಗಂಟಿತ್ತು. ಆದರೂ ಒಂದು ಮಾತು ಹೇಳಬೇಕು, ಅವರು ನನ್ನ ಮುಂದಿನಿಂದ ಕದಲಲಿಲ್ಲ. ಒಬ್ಬ ದಾಂಡಿಗ ಕಾಲರ್ ಹಿಡಿದರೂ ಕೈ ಮುಗಿದುಕೊಂಡು, "ನನ್ನನ್ನು ಏನು ಬೇಕಾದರೂ ಕೇಳಿ, ಹೆಂಗಸರ ಹತ್ತಿರ ಹೋಗಬೇಡಿ, ಮಗು ಹೆದರ್ತದೆ" ಎಂದು ಹೇಳುತ್ತಲೇ ಇದ್ದರು.

ಬಸ್ಸಿನಲ್ಲಿ ರೇಮಂಡ್ ಎಂಬ ಶಾಲೆಯ ಮಾಸ್ತರರಿದ್ದರು. ಆನಿಯ ಹತ್ತಿರ ಬಗ್ಗಿ ಕೊಂಕಣಿಯಲ್ಲಿ ಹೆಸರು ಕೇಳಿದರು, ಮನೆ ಎಲ್ಲಿ ಎಂದು ಕೇಳಿದರು. ಅವಳು ಉತ್ತರ ಕೊಡುವವಳೇ? ಮೂಲ್ಕಿಯಲ್ಲಿ ನಮ್ಮನ್ನು ಇಳಿಸಿದರು, ಮಾಸ್ತರರೂ ಜತೆಗೆ ಇಳಿದರು. ಪೊಲೀಸ್ ಸ್ಟೇಷನ್ನಿಗೆ ಹೋಗುವ ಎಂದರು. ಶೆಟ್ಟರು ಆಗಲಿ, ಮಗು ಐದು ನಿಮಿಷ ಕೂರಲಿ ಎಂದರು. ಬಸ್ಸು ಹೋದ ಮೇಲೆ ಅಲ್ಲಿ ಶಬ್ದವಿರಲಿಲ್ಲ. ಆನಿ ಮೆಲ್ಲಗೆ ಸುಮ್ಮನಾದಳು. ಆಮೇಲೆ ನನ್ನ ಸೆರಗನ್ನು ಎಳೆದು ಮೂಗು ಒರೆಸಿಕೊಂಡು, ಅದೇ ಸೆರಗನ್ನು ಹೊದ್ದು ನನ್ನ ತೊಡೆಯ ಮೇಲೆ ತಲೆಯಿಟ್ಟಳು. ಮಾಸ್ತರರು ಸ್ವಲ್ಪ ಹೊತ್ತು ನೋಡಿದರು. "ಬೇರೆಯವರ ಸೆರಗಿಗೆ ಯಾವ ಮಗುವೂ ಹೀಗೆ ಮೂಗು ಒರೆಸುವುದಿಲ್ಲ. ತಪ್ಪಾಯ್ತು ಅಮ್ಮ" ಎಂದರು. ನಮ್ಮನ್ನು ವಾಪಸಿನ ಬಸ್ಸಿಗೆ ಹತ್ತಿಸಿ, ಡ್ರೈವರನಿಗೆ ಹಾರ್ನು ಹೊಡೆಯಬೇಡವೆಂದು ಹೇಳಿ ಹೋದರು. ಒಳ್ಳೆಯ ಮನುಷ್ಯ.

ಅಂದು ಮನೆಗೆ ಬಂದು ನಾನು ಅತ್ತೆ. ಆಗುವುದಿಲ್ಲ ಎಂದು ನಿನಗೆ ಬರೆದುಬಿಡುತ್ತೇನೆ ಎಂದೆ. ಆ ಅಳುವಿನ ನಡುವೆ ನನಗೆ ಬಂದ ಒಂದು ಯೋಚನೆಯನ್ನೂ ಹೇಳಿಬಿಡುತ್ತೇನೆ, ಬೈಯುವುದಾದರೆ ಬೈ. ಆಗುವುದಿಲ್ಲ ಎಂದು ಬರೆದರೆ ನೀನು ಕೆಲಸ ಬಿಟ್ಟು ಬರುತ್ತೀಯ, ನಾವಿಬ್ಬರೂ ಮೊದಲಿನ ಹಾಗೆ ಬಾವಿಕಟ್ಟೆಯ ಹತ್ತಿರ ನಿಂತು ಮಾತಾಡಬಹುದು ಎಂದು ಆಸೆಯಾಯಿತು. ನೀನು ಹೋದ ಮೇಲೆ ನನಗೆ ಮನಸ್ಸು ಬಿಚ್ಚಿ ಮಾತಾಡಲು ಯಾರೂ ಇಲ್ಲ. ಎಷ್ಟು ಬೇಸರವಾಗುತ್ತದೆ ಎಂದು ಇಷ್ಟು ದಿನ ನಾನು ಬರೆದಿಲ್ಲ, ಅಷ್ಟೇ.

ಶೆಟ್ಟರು ಆಗ ಹೇಳಿದ ಮಾತು ಕೇಳು. "ಅವಳದ್ದು ತಪ್ಪೆಂತ ಉಂಟು ಮಾರಾಯ್ತಿ? ಸುರತ್ಕಲ್ ಬಂದರೆ ಇಳಿಯಬೇಕು ಅಂತ ನಾವೇ ಅಲ್ವಾ ಕಲಿಸಿದ್ದು? ಅವಳು ಸರಿಯಾಗಿ ಪಾಠ ಒಪ್ಪಿಸಿದ್ದಾಳೆ. ಬಸ್ಸು ಪಾಠ ತಪ್ಪಿಸಿದ್ದು" ಎಂದರು. ನಾನು ಕಣ್ಣೊರೆಸಿಕೊಂಡು ಎದ್ದು ಕುಳಿತೆ. ನಿಜವಲ್ಲವೇ? ಬಸ್ಸಿನ ಭಯ ಅವಳಿಗೆ ಎಂದೋ ಹೋಗಿದೆ. ಅವಳನ್ನು ಕಾಡಿದ್ದು ಕೊನೆ ಗೊತ್ತಿಲ್ಲದ ದಾರಿ. ಎಲ್ಲಿ ಇಳಿಯುವುದು, ಯಾಕೆ ಹೋಗುವುದು ಎಂದು ನಾವು ಅವಳಿಗೆ ಹೇಳಿಯೇ ಇರಲಿಲ್ಲ. ಆದರೆ ಮಾತಿನಲ್ಲಿ ಹೇಳಿದರೆ ಅವಳಿಗೆ ತಿಳಿಯುವುದಿಲ್ಲವಲ್ಲ.

ತಿಳಿಸುವ ದಾರಿ ನಮ್ಮ ಅಡುಗೆಮನೆಯಲ್ಲೇ ಇತ್ತು. ನೀನು ಹೋದ ಮೇಲೆ ಆನಿಗೆ ಹೊಸದೊಂದು ಅಭ್ಯಾಸ ಶುರುವಾಗಿದೆ, ಮಾಂಯ್ ಬರೆದಿದ್ದಾರೋ ಇಲ್ಲವೋ. ನಿಮ್ಮ ಮನೆಯಿಂದ ನಮಗೆ ಇಡ್ಲಿಯಂಥ ಮೆತ್ತನೆಯ ಸಾನ್ನ ಬರುತ್ತದೆ, ನಮ್ಮಿಂದ ನಿಮಗೆ ಕೋಳಿಗಸಿ ಹೋಗುತ್ತದೆ. ಪಾತ್ರೆ ಖಾಲಿ ಕೊಡಬಾರದು ಎಂದು ಏನಾದರೂ ಹಾಕಿಡುವವರೆಗೆ ಒಬ್ಬರ ಪಾತ್ರೆ ಇನ್ನೊಬ್ಬರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಅದು ಆನಿಗೆ ಸಹಿಸುವುದಿಲ್ಲ. ಯಾರದೋ ಪಾತ್ರೆ ಯಾರದೋ ಮನೆಯಲ್ಲಿ ಕಂಡರೆ ಎತ್ತಿಕೊಂಡಳೇ. ಅದರ ಮನೆಗೆ ತಲುಪಿಸುವವರೆಗೆ ಕೆಳಗೆ ಇಡುವುದಿಲ್ಲ. ಎಷ್ಟೋ ಸಲ ಬಿಸಿ ಸಾರಿರುವಾಗಲೇ ಎತ್ತಿಕೊಂಡು ಹೊರಟದ್ದುಂಟು. ಬೀಡಿ ಕಟ್ಟುವ ಹಲೀಮಾಳ ಮನೆಯ ಬಟ್ಟಲನ್ನು ನಾನು ಮರೆತಿದ್ದರೂ ಇವಳು ಮರೆಯದೆ ಅಲ್ಲಿಗೇ ಒಯ್ದು ಕೊಟ್ಟಳು. ಎಲ್ಲ ಸ್ಟೀಲು, ಎಲ್ಲ ಒಂದೇ ಥರ, ಅವಳಿಗೆ ಹೇಗೆ ಗೊತ್ತಾಗುತ್ತದೋ ದೇವರೇ ಬಲ್ಲ.

ಗುಣವತಿ ಚಿಕ್ಕಮ್ಮ ಉಪ್ಪಿನಕಾಯಿ ಕಳಿಸಿದ ಹಿಡಿಯಿರುವ ತೂಗುಪಾತ್ರೆ ನಮ್ಮಲ್ಲಿತ್ತು. ಅದನ್ನು ತೊಳೆದು, ಚಿಕ್ಕಮ್ಮನ ಫೋಟೋವನ್ನೂ ಪಾತ್ರೆಯನ್ನೂ ಒಟ್ಟಿಗೆ ಆನಿಯ ಮುಂದೆ ಇಟ್ಟೆ. ಬೇರೇನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ಪಾತ್ರೆಯ ಹಿಡಿಗೆ ಕೈ ಹಾಕಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ! ನಾನೂ ಶೆಟ್ಟರೂ ಮುಖ ಮುಖ ನೋಡಿಕೊಂಡೆವು. ಅವರು ಅವಸರದಲ್ಲಿ ಬ್ಯಾಂಕಿಗೆ ರಜೆ ಹೇಳಿ ಕಳಿಸಿದರು. ಈ ಸಲ ಅವಳ ಶಿಲುಬೆಯ ಸರವನ್ನು ಅಂಗಿಯ ಒಳಗೆ ಸೇರಿಸಿದೆ, ಕ್ಷಮಿಸು. ಬಸ್ಸಿನಲ್ಲಿ ಸುರತ್ಕಲ್ ಬರುವಾಗ ನಾನು ಎದುರಿನ ಸೀಟಿನ ಕಬ್ಬಿಣಕ್ಕೆ ಮೊದಲೇ ಅಂಗೈ ಅಡ್ಡ ಇಟ್ಟೆ. ಆನಿ ಹೊರಗೆ ನೋಡಿದಳು. ಎದ್ದಳು. ತೊಡೆಯ ಮೇಲಿನ ಪಾತ್ರೆಯನ್ನು ನೋಡಿದಳು. ಮತ್ತೆ ಕುಳಿತುಕೊಂಡಳು.

ಫ್ಲಾವಿಯಾ, ಅವಳು ಕುಳಿತುಕೊಂಡಳು! ಶೆಟ್ಟರು ಜನರ ಡ್ಯೂಟಿಯನ್ನು ಬಿಟ್ಟು ಆ ಕಡೆ ತಿರುಗಿ ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಸೆಕೆ ಎಂದರು. ಮೂಲ್ಕಿ ದಾಟಿತು, ಪಡುಬಿದ್ರಿ ದಾಟಿತು, ಕಾಪು ದಾಟಿತು, ಅವಳು ಪಾತ್ರೆಯ ಮುಚ್ಚಳದ ಮೇಲೆ ಬೆರಳು ಬಡಿಯುತ್ತಾ ಕುಳಿತೇ ಇದ್ದಳು. ಉಡುಪಿಯಲ್ಲಿ ಮಾತ್ರ ಸಣ್ಣ ಎಡವಟ್ಟಾಯಿತು. ಚಿಕ್ಕಮ್ಮ ಬಾಗಿಲಲ್ಲೇ, "ಅಯ್ಯೋ ನನ್ನ ಚಿನ್ನವೇ, ಬಂದೆಯಾ?" ಎಂದು ಕೆನ್ನೆ ಸವರಲು ಓಡಿಬಂದರು. ಆನಿ ಪಾತ್ರೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಅಂಗಳದ ಮೂಲೆಗೆ ಸರಿದಳು. ನಾನು ಚಿಕ್ಕಮ್ಮನಿಗೆ, ಮಗುವನ್ನು ಮುಟ್ಟಬೇಡಿ, ಪಾತ್ರೆಗೆ ಮಾತ್ರ ಕೈ ಒಡ್ಡಿ ಎಂದೆ. ಅವರು ಎರಡು ಕೈ ಚಾಚಿ ಸುಮ್ಮನೆ ನಿಂತರು. ಆನಿ ಬಂದು ಪಾತ್ರೆ ಕೊಟ್ಟಳು, ಒಳಗೆ ಹೋಗಿ ಮಣೆ ಎಳೆದು ಊಟಕ್ಕೆ ಕುಳಿತಳು. ಎರಡು ಸಲ ಅನ್ನ ಹಾಕಿಸಿಕೊಂಡಳು.

ಇನ್ನು ಉಳಿದದ್ದು ನೀನು. ಎರಡು ವರ್ಷದಿಂದ ನೋಡದ ಅಮ್ಮನನ್ನು ಅವಳು ನೆನಪಿಟ್ಟುಕೊಂಡಿದ್ದಾಳೋ ಇಲ್ಲವೋ ನಮಗೆ ಯಾರಿಗೂ ಗೊತ್ತಿರಲಿಲ್ಲ. ನಿನ್ನ ಕ್ಯಾಸೆಟ್ಟು ಹಾಕಿದರೆ ಎದ್ದು ಹೋಗುತ್ತಾಳೆ, ಫೋಟೋ ತೋರಿಸಿದರೆ ಅಂಚು ಕಚ್ಚುತ್ತಾಳೆ. ನೀನು ಕೇಳಲು ಹೆದರಿದ ಪ್ರಶ್ನೆ ಇದೇ ಎಂದು ನನಗೆ ಗೊತ್ತು. ಹೋದ ಆದಿತ್ಯವಾರ ಮಾಂಯ್ ಅಟ್ಟದಿಂದ ನಿನ್ನ ಹಳೆಯ ಟಿಫಿನ್ ಕ್ಯಾರಿಯರ್ ಇಳಿಸಿದರು. ನೀನು ಇಲ್ಲಿನ ಆಸ್ಪತ್ರೆಗೆ ಡ್ಯೂಟಿಗೆ ಹೋಗುವಾಗ ಒಯ್ಯುತ್ತಿದ್ದದ್ದು, ಮೇಲಿನ ತಟ್ಟೆ ಜಜ್ಜಿದ್ದು. ತೊಳೆದು ಊಟದ ಮೇಜಿನ ಮೇಲೆ ಇಟ್ಟೆವು. ಆನಿ ಒಳಗೆ ಬಂದಳು. ಸುಮಾರು ಹೊತ್ತು ನೋಡಿದಳು. ಹತ್ತಿರ ಹೋಗಿ ಮೂಸಿದಳು. ಆಮೇಲೆ ಎತ್ತಿಕೊಂಡು ಗೇಟಿನ ಹತ್ತಿರ ಹೋದಳು. ನಮ್ಮ ಮನೆಯ ಕಡೆ ತಿರುಗಲಿಲ್ಲ, ಹಲೀಮಾಳ ಮನೆಯ ಕಡೆ ತಿರುಗಲಿಲ್ಲ. ನೀನು ಬಸ್ಸಿಗೆ ಹೋಗುತ್ತಿದ್ದ ಇಳಿಜಾರಿನ ಕಡೆ ಮುಖ ಮಾಡಿ ನಿಂತಳು.

ಊಟಕ್ಕೆ ಕರೆದರೂ ಬರಲಿಲ್ಲ. ಬಿಸಿಲಿಗೆ ಶೆಟ್ಟರು ಕೊಡೆ ಹಿಡಿದುಕೊಂಡು ಪಕ್ಕದಲ್ಲಿ ನಿಂತರು. ಸಂಜೆ ತಾನಾಗಿ ಒಳಗೆ ಬಂದಳು, ಕ್ಯಾರಿಯರನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಅದು ಈಗ ಅವಳ ಹಾಸಿಗೆಯ ಪಕ್ಕ ಇದೆ. ನಿನ್ನ ಮಾಂಯ್ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದರು. ನಾನೂ ಹೋದೆ.

ಆದ್ದರಿಂದ ನನ್ನ ಉತ್ತರ ಇದು. ಆಗುತ್ತದೆ. ನಾನು ಆನಿಯನ್ನು ಮುಂಬಯಿಗೆ ಕರೆತರುತ್ತೇನೆ. ನಮ್ಮಿಬ್ಬರಿಗೆ ವಿಮಾನದ ಟಿಕೆಟು ಕಳಿಸು. ಇನ್ನು ತಡ ಮಾಡಲು ಸಾಧ್ಯವಿಲ್ಲ, ಪಾತ್ರೆ ಅವಳ ಕೈಗೆ ಹೋಗಿ ಆಗಿದೆ.

ಬಜ್ಪೆ ವಿಮಾನ ನಿಲ್ದಾಣದ ವಿಷಯದಲ್ಲಿ ನಾನು ಎಲ್ಲರ ನಿಷ್ಠುರ ಕಟ್ಟಿಕೊಂಡಿದ್ದೇನೆ. ನೀನು ಹೋಗುವಾಗ ಎರಡು ಜೀಪು ಜನ ಬಂದು ಒಟ್ಟಿಗೆ ಅತ್ತದ್ದು, ಆ ಗದ್ದಲಕ್ಕೆ ಆನಿ ಹೆದರಿ ನೆಲಕ್ಕೆ ಬಿದ್ದದ್ದು, ನಾಲ್ಕು ಜನ ಅವಳನ್ನು ಒತ್ತಿ ಹಿಡಿದದ್ದನ್ನು ನೋಡುತ್ತಾ ನೀನು ಒಳಗೆ ಹೋದದ್ದು, ಯಾವುದನ್ನೂ ನಾನು ಮರೆತಿಲ್ಲ. ಈ ಸಲ ಬಜ್ಪೆಗೆ ಅಳುವವರು ಯಾರೂ ಬರಕೂಡದು ಎಂದಿದ್ದೇನೆ. ನಿನ್ನ ಅಲ್ಫೋನ್ಸ್ ಮಾವನಿಗೆ ಸಿಟ್ಟು ಬಂದಿದೆ. "ಗಲ್ಫಿಗೆ ಹೋಗುವ ಮಗುವನ್ನು ಕಳಿಸ್ಲಿಕ್ಕೆ ಮನೆಯವರು ಬರಬಾರದು ಅಂದ್ರೆ ಎಂತ ಕ್ರಮ ಇದು?" ಎಂದು ನಮ್ಮ ಜಗಲಿಯಲ್ಲಿ ನಿಂತು ಕೇಳಿದರು. ಮಾಂಯ್ ಮಾತ್ರ ಒಪ್ಪಿದ್ದಾರೆ. ಮನೆಯಲ್ಲೇ ಹಣೆಗೆ ಶಿಲುಬೆಯ ಗುರುತು ಮಾಡಿ ಕಳಿಸುತ್ತಾರಂತೆ, ಕಾರು ತಿರುವು ದಾಟಿದ ಮೇಲೆ ಅಳುತ್ತಾರಂತೆ. ಕ್ಯಾರಿಯರ್ ಖಾಲಿ ಕೊಡುವುದು ಬೇಡವೆಂದು ಅವರು ಈಗಲೇ ಕ್ರಿಸ್ಮಸ್ಸಿನ ಕುಸ್ವಾರಿಗೆ ಅಕ್ಕಿ, ಬೆಲ್ಲ ತರಿಸಿದ್ದಾರೆ. ತಿಂಡಿ ಒಳಗೆ ತುಂಬಲು ಆನಿ ಬಿಡುತ್ತಾಳೋ ಇಲ್ಲವೋ ನೋಡಬೇಕು.

ಇನ್ನು ನಿನಗೆ ಒಂದೇ ಮಾತು. ಇದನ್ನು ಎರಡು ಸಲ ಓದು. ಮುಂಬಯಿಯಲ್ಲಿ ನಾವು ಹೊರಗೆ ಬರುವಾಗ ನೀನು ಓಡಿಬರಬೇಡ. ಹೆಸರು ಹಿಡಿದು ಕೂಗಬೇಡ. ಸೆಂಟು ಹಾಕಿಕೊಳ್ಳಬೇಡ, ಅಲ್ಲಿನ ಹೊಸ ಫ್ಯಾಶನ್ನಿನಲ್ಲಿ ಕೂದಲು ಕತ್ತರಿಸಿಕೊಂಡಿದ್ದರೆ ತಲೆಗೆ ಸ್ಕಾರ್ಫು ಕಟ್ಟಿಕೋ. ಜನ ಕಡಿಮೆ ಇರುವ ಒಂದು ಕಂಬದ ಹತ್ತಿರ ಸುಮ್ಮನೆ ನಿಲ್ಲು. ಎರಡು ವರ್ಷದಿಂದ ಕಾದವಳಿಗೆ ಇದೆಷ್ಟು ಕಷ್ಟ ಎಂದು ನನಗೆ ಗೊತ್ತಿದೆ. ಈ ಇಡೀ ಪ್ರಯಾಣದಲ್ಲಿ ಎಲ್ಲರಿಗಿಂತ ಕಷ್ಟದ ಕೆಲಸ ನಿನ್ನದೇ. ಅವಳು ನಿನ್ನ ಹತ್ತಿರ ಬಂದಾಗ ನಿನ್ನ ಎರಡು ಕೈಗಳನ್ನು ಮಗಳಿಗಾಗಿ ಚಾಚಬೇಡ ಫ್ಲಾವಿಯಾ, ಕ್ಯಾರಿಯರಿಗಾಗಿ ಚಾಚು. ಅವಳು ಕೊಡುತ್ತಾಳೆ. ಆಮೇಲೆ ಅವಳ ಕೈ ಖಾಲಿಯಾಗುತ್ತದೆ. ಖಾಲಿ ಕೈಯನ್ನು ಏನು ಮಾಡಬೇಕೆಂದು ಅವಳೇ ತೀರ್ಮಾನ ಮಾಡಲಿ, ನೀನು 'ಹೂಂ' ಎನ್ನದೆ ನಿಂತಿರು.

ಬಾಸಿಲ್‌ಗೆ ನಮ್ಮಿಬ್ಬರ ನೆನಪು ಹೇಳು. ಆಶ್ರಮದ ಮಾತು ಇನ್ನು ಎತ್ತಿದರೆ ನಮ್ಮ ಶೆಟ್ಟರನ್ನು ಸಾರ್ವಜನಿಕ ಪ್ರಕಟಣೆಗೆ ಬಹರೈನಿಗೆ ಕಳಿಸುತ್ತೇನೆ ಎಂದೂ ಹೇಳು.

ಡಿಸೆಂಬರಿನಲ್ಲಿ ನಿನ್ನ ಮುಖ ನೋಡುವ ಸಂತೋಷದಲ್ಲಿರುವ
ನಿನ್ನ
ಶಶಿಪ್ರಭಾ

ಮರೆತ ಮಾತು: ಕಾಗದ ಮಡಚಿದ್ದೆ, ಮತ್ತೆ ಬಿಡಿಸಿದೆ. ನೀವು ತಾಯಿ ಮಗಳು ಬಹರೈನಿನ ವಿಮಾನ ಹತ್ತಿದ ಮೇಲೆ ನಾನು ಮುಂಬಯಿಯಿಂದ ಒಬ್ಬಳೇ ವಾಪಸು ಬರುವುದು ಹೇಗೆ ಎಂಬ ಚಿಂತೆ ನನಗಿತ್ತು. ದಾರಿಯ ಭಯವಲ್ಲ. ಆನಿಯಿಲ್ಲದೆ ಬರಬೇಕಲ್ಲ ಎಂದು. ಅದನ್ನು ಶೆಟ್ಟರಿಗೂ ಹೇಳಿರಲಿಲ್ಲ, ನಿನಗೂ ಬರೆಯಬಾರದೆಂದಿದ್ದೆ. ಈಗ ಚಿತ್ತು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಹಿಂದಕ್ಕೂ ಮುಂದಕ್ಕೂ ತೂಗುತ್ತಾ ಏನೋ ಒಪ್ಪಿಸುತ್ತಿದ್ದಾನೆ. ಅವನು ಸ್ವಂತ ಮಾತು ಆಡುವುದಿಲ್ಲ, ಯಾರಾದರೂ ಅವನಿಗೆ ಹೇಳಿದ್ದನ್ನೇ ಅವರ ಸ್ವರದಲ್ಲೇ ಹೇಳುತ್ತಾನೆ, ನಿನಗೆ ಗೊತ್ತಲ್ಲ. ಇದು ಶೆಟ್ಟರ ಸ್ವರ. "ಉಡುಪಿ ಆಯಿತಾ, ಕುಂದಾಪುರ ಆಯಿತಾ, ಅಂಕೋಲಾ ಆಯಿತಾ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ ಆಯಿತಾ." ಮುಂಬಯಿ ಬಸ್ಸು ಹೋಗುವ ದಾರಿ! ಪ್ರತೀ ರಾತ್ರಿ ಮಗನನ್ನು ಮಲಗಿಸುವಾಗ ಇವರು ಗುಟ್ಟಾಗಿ ಹೇಳಿಕೊಡುತ್ತಿದ್ದದ್ದು ಇದು. ನನ್ನನ್ನು ಕರೆತರಲು ಅಪ್ಪ ಮಗ ಇಬ್ಬರೇ ಹಗಲು ರಾತ್ರಿಯ ಬಸ್ಸಿನಲ್ಲಿ ಬರುತ್ತಾರಂತೆ. ಎರಡೂ ಡ್ಯೂಟಿ ಒಬ್ಬರೇ ಮಾಡುತ್ತಾರಂತೆ. ಹೌದೇ ಎಂದು ಕೇಳಿದರೆ ಪೇಪರಿನ ಹಿಂದಿನಿಂದ "ಹೂಂ" ಎಂದರು, ಅಷ್ಟೇ. ಚಿತ್ತು ಪುಣೆ ಆಯಿತಾ ಎಂದು ನಿಲ್ಲಿಸಿದ. ಪುಣೆ ಆದ ಮೇಲೆ ಎಂತ ಮಗಾ, ಎಂದು ಕೇಳಿದೆ.

"ಅಮ್ಮ" ಎಂದ.